ಪ್ರವಾಸಕಥನದಲ್ಲಿ ಸಂಸಾರ: ಬಾರಕೂರು, ಬಸರೂರು, ಕೊಲ್ಲೂರುಗಳನ್ನು ಹಾದುಹೋದ ಇಬ್ಬರ ಗ್ರಂಥಗಳ ವಿಮರ್ಶೆ

ಈಗಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಪೂರ್ವಚರಿತ್ರೆಯನ್ನು ಬರೆಯಹೊರಟವರು ಶಾಸನಗಳ ಸಾಮಗ್ರಿ ಮುಗಿದೊಡನೆ ಎರಡು ವಿದೇಶೀಯ ಪ್ರವಾಸಕಥನಗಳನ್ನು ಆಶ್ರಯಿಸುವುದು ವಾಡಿಕೆಯಾಗಿದೆ. ಒಂದು ಟ್ಯಾಂಜಿಯರಿನ ಇಬ್ನ್ ಬತೂತನದು. ಇನ್ನೊಂದು ರೋಮಿನ ಪಿಯೆತ್ರೋ ದೆಲ್ಲಾ ವಾಲೆಯದು. ಮೊದಲನೆಯದರಿಂದ ಬಾರಕೂರಿನ ದೊರೆಯ ಮೂವತ್ತು ನೌಕೆಗಳನ್ನೂ ಎರಡನೆಯದರಿಂದ ಇಕ್ಕೇರಿಯ ವೆಂಕಟಪ್ಪನಾಯಕನ ಒಡ್ಡೋಲಗವನ್ನೂ ಎತ್ತಿಕೊಂಡು ಉಳಿದುದನ್ನು ಅಲ್ಲಿಯೇ ಬಿಟ್ಟು ಬರುತ್ತೇವೆ. ಹೀಗೆ ಬಿಟ್ಟು ಬಂದುದರಲ್ಲಿ ಆ ಪ್ರವಾಸಿಗಳ ಹೆಂಡಿರು ಮಕ್ಕಳೂ ಸೇರಿದ್ದಾರೆ. ನ್ಯಾಯಸ್ಥಾನದಲ್ಲಿ ಸಾಕ್ಷಿಯ ಹೇಳಿಕೆಯನ್ನು ತೂಗುವ ಮುನ್ನ ಆತನು ಯಾರು, ಯಾವ ಸ್ಥಿತಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದಾನೆ ಎಂದು ಕೇಳುತ್ತಾರೆ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಮಾತ್ರ ಪ್ರವಾಸಿಗಳನ್ನು ಮನೆಮಠವಿಲ್ಲದ ಕಣ್ಣುಗಳೆಂದು ಭಾವಿಸಿ ಓದುತ್ತಿದ್ದೇವೆ. ಇದರಿಂದ ಆಕರದ ಅರ್ಥವೇ ಕೆಲವು ಕಡೆ ಕೆಡುತ್ತದೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಇಬ್ನ್ ಬತೂತನ ವಿಷಯವನ್ನು ಮೊದಲು ಸಂಕ್ಷೇಪವಾಗಿ ಮುಗಿಸೋಣ. 1304ರಲ್ಲಿ ಹುಟ್ಟಿದ ಈತನು ದೆಹಲಿಯ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾ ದೇಶಕ್ಕೆ ಹೊರಟು 1342ರ ಸುಮಾರಿಗೆ ಪಶ್ಚಿಮ ಕರಾವಳಿಯ ಬಂದರುಗಳನ್ನು ಒಂದೊಂದಾಗಿ ಮುಟ್ಟುತ್ತ ದಕ್ಷಿಣಕ್ಕೆ ಸಾಗಿದನು. ಆತನ ಗ್ರಂಥದ ‘ಅಬೂ ಸರೂರ್’ ಎಂಬುದು ನಮ್ಮ ಬಸರೂರು. ‘ಫಾಕನೂರ್’ ಎಂಬುದು ಬಾರಕೂರು. ಬಾರಕೂರಿನ ಕಬ್ಬು ಉತ್ತಮವಾದುದೆಂದೂ, ಅಲ್ಲಿ ಒಂದು ಮುಸಲ್ಮಾನ ಸಮುದಾಯವೂ ಶುಕ್ರವಾರದ ಪ್ರಾರ್ಥನೆಗೆ ಮಸೀದಿಯೂ ಇದ್ದುವೆಂದೂ, ದೊರೆಯ ಹೆಸರು ‘ಬಾಸದೇವ್’ ಎಂದೂ ಆತನು ಹೇಳುತ್ತಾನೆ. ಈ ಬಾಸದೇವನು ಯಾರೆಂಬ ಚರ್ಚೆ ಆಳುಪರ ಚರಿತ್ರೆಯನ್ನು ಬರೆದವರನ್ನು ಬಹಳ ಕಾಡಿದೆ. ಅದೇ ಕಾಲಘಟ್ಟದಲ್ಲಿ ಹೊಯ್ಸಳ ಮುಮ್ಮಡಿ ಬಲ್ಲಾಳನ ರಾಣಿ ಚಿಕ್ಕಾಯಿತಾಯಿಯು ಬಾರಕೂರಿನಿಂದ ಆಳುತ್ತಿದ್ದುದನ್ನು ಶಾಸನಗಳು ಹೇಳುತ್ತಿರುವಾಗ ಈ ವಾಸುದೇವನೆಂಬವನು ಎಲ್ಲಿಂದ ಬಂದನು? ಪ್ರಶ್ನೆ ನ್ಯಾಯವಾದುದೇ. ಆದರೆ ಆ ಭಾಗದಲ್ಲಿಯೇ ಇರುವ ಇನ್ನೊಂದು ಸಂಗತಿಯನ್ನು ಎಲ್ಲರೂ ಸರಸರನೆ ದಾಟಿಬಿಡುತ್ತಾರೆ. ಹಡಗುಗಳು ಲಂಗರು ಹಾಕಿದೊಡನೆ ದೊರೆಯು ತನ್ನ ಮಗನನ್ನು ಹಡಗಿಗೆ ಕಳುಹಿಸಿದನು. ಆ ಮಗನು ಒತ್ತೆಯಾಳಿನಂತೆ ಹಡಗಿನಲ್ಲಿ ಉಳಿದನು. ಆ ಬಳಿಕವೇ ರಾಯಭಾರಿಗಳು ದಡಕ್ಕಿಳಿದು ಮೂರು ದಿನ ಆತಿಥ್ಯವನ್ನು ಸ್ವೀಕರಿಸಿದರು.

ಮೂವತ್ತು ನೌಕೆಗಳ ಒಡೆಯನಾದ ದೊರೆಯೊಬ್ಬನು ಪರದೇಶಿಯ ನಂಬಿಕೆಯನ್ನು ಗಳಿಸಲು ತನ್ನ ಮಗನನ್ನು ಕಡಲ ಮೇಲೆ ಅಡವಿಡಬೇಕಾಗಿತ್ತು! ಬಂದರಿನ ವ್ಯಾಪಾರವು ಎಂಥ ಅಪನಂಬಿಕೆಯ ಮೇಲೆ ನಡೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಬೇರೆ ಕಾಣುವುದಿಲ್ಲ. ಆ ಹುಡುಗನ ಹೆಸರನ್ನಾಗಲಿ ವಯಸ್ಸನ್ನಾಗಲಿ ಗ್ರಂಥಕಾರನು ಹೇಳಲಿಲ್ಲ.

ಹೇಳದಿರುವುದು ಆತನ ಸ್ವಭಾವವೇ ಆಗಿತ್ತು. ಈ ಪ್ರಯಾಣದಲ್ಲಿ ಆತನ ಜೊತೆಗೆ ದಾಸಿಯರಿದ್ದರು. ಅವರಿಲ್ಲದೆ ತಾನು ಪ್ರಯಾಣ ಮಾಡುವವನಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ. ಅವರಲ್ಲಿ ಒಬ್ಬಳು ಆತನಿಂದ ಗರ್ಭಿಣಿಯಾಗಿದ್ದಳು. ಕಲ್ಲಿಕೋಟೆಯಲ್ಲಿ ಬಿರುಗಾಳಿಯೆದ್ದು ಆತನು ದಡದಲ್ಲಿಯೇ ಉಳಿದು ಅವಳಿದ್ದ ಹಡಗು ಹೊರಟುಹೋಯಿತು. ಅವಳು ಸತ್ತಳೆಂಬ ಸುದ್ದಿ ಬಹುಕಾಲದ ಮೇಲೆ ತಿಳಿಯಿತು. ಮಾಲ್ದೀವಿನಲ್ಲಿ ಮದುವೆಯಾಗಿ, ಹುಟ್ಟಲಿದ್ದ ಮಗುವನ್ನು ಬಿಟ್ಟು ಹೊರಟು, ಮಗನಿಗೆ ಎರಡು ವರ್ಷವಾಗಿದ್ದಾಗ ಮತ್ತೆ ಅಲ್ಲಿಗೆ ಹೋಗಿ, ಕಂಡು, ತಾಯಿಯ ಬಳಿಯಲ್ಲಿಯೇ ಬಿಟ್ಟು ಬಂದನು. ಇಷ್ಟನ್ನೂ ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತಾನೆ. ಆದರೆ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ತಮೂರು ಪಾಠಶಾಲೆಗಳನ್ನು ಕಂಡೆನೆಂದು ಎಣಿಸಿ ಹೇಳಿದವನೂ ಇವನೇ. ಊರಿನ ಮಕ್ಕಳ ಲೆಕ್ಕವಿಟ್ಟವನು ತನ್ನ ಮಕ್ಕಳ ಲೆಕ್ಕವನ್ನು ಸರಿಯಾಗಿ ಕೊಡಲಿಲ್ಲ. ಪ್ರವಾಸವೆಲ್ಲ ಮುಗಿದ ಮೇಲೆ, 1355ರ ಹೊತ್ತಿಗೆ, ಇಬ್ನ್ ಜುಜೈ ಎಂಬ ಲಿಪಿಕಾರನಿಗೆ ನೆನಪಿನಿಂದ ಹೇಳಿ ಬರೆಯಿಸಿದ ಗ್ರಂಥವಿದು. ಆಸ್ಥಾನದ ವಿದ್ವಾಂಸರು ಕೇಳಬಯಸಿದುದನ್ನು ಆತನು ಹೇಳಿದನು. ಮಕ್ಕಳನ್ನು ಕುರಿತು ಅಲ್ಲಿ ಯಾರೂ ಕೇಳಿರಲಾರರು.

ದೆಲ್ಲಾ ವಾಲೆಯ ವಿಷಯವು ಇದಕ್ಕಿಂತ ಭಿನ್ನವಾದುದು. ನಮ್ಮ ಮುಖ್ಯ ಚರ್ಚೆಯೂ ಅವನದೇ.

ಈತನು 1586ರಲ್ಲಿ ರೋಮಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದನು. 1614ರಲ್ಲಿ ವೆನಿಸಿನಿಂದ ಹೊರಟು ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್, ಜೆರೂಸಲೇಮುಗಳನ್ನು ಸುತ್ತಿ ಬಾಗ್ದಾದಿಗೆ ಬಂದು, 1616ರಲ್ಲಿ ಅಲ್ಲಿ ಸಿತ್ತೀ ಮಾನೀ ಎಂಬ ಸಿರಿಯಾ ಸಂಪ್ರದಾಯದ ಕ್ರೈಸ್ತ ಕನ್ಯೆಯನ್ನು ಮದುವೆಯಾದನು. ಗಂಡಹೆಂಡಿರು ಪರ್ಷಿಯಾಕ್ಕೆ ಹೋಗಿ ಷಾ ಅಬ್ಬಾಸನ ರಾಜ್ಯದಲ್ಲಿ ಕೆಲವು ವರ್ಷ ನೆಲೆಸಿದರು. ಅಲ್ಲಿ ತೀನಾತಿನ್ ಎಂಬ ಜಾರ್ಜಿಯಾ ದೇಶದ ಅನಾಥ ಬಾಲಿಕೆಯೊಬ್ಬಳು ಅವರ ಮನೆಯನ್ನು ಸೇರಿದಳು. ಮಾನೀಯು ಅವಳನ್ನು ಮಗಳಂತೆ ಸಾಕಿದಳು. ಪತ್ರಗಳಲ್ಲಿ ಆಕೆಗೆ ಮರಿಯೂಚ್ಚಾ ಎಂಬ ಅಕ್ಕರೆಯ ಹೆಸರಿದೆ. ಸ್ವದೇಶಕ್ಕೆ ಮರಳಲೆಂದು ಹೊರ್ಮುಜಿನ ಕಡೆಗೆ ಬರುತ್ತಿದ್ದಾಗ, ಸಮುದ್ರತೀರದ ಮೀನಾ ಎಂಬಲ್ಲಿ, ಗರ್ಭಿಣಿಯಾಗಿದ್ದ ಮಾನೀಗೆ ಜ್ವರ ಬಂದು, ಗರ್ಭವಿಳಿದು, 1621ರ ಡಿಸೆಂಬರ್ 30ರಂದು ಆಕೆ ತೀರಿಕೊಂಡಳು. ಗಂಡನು ಅವಳ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು, ರೋಮಿನ ತನ್ನ ವಂಶದ ಸಮಾಧಿಯಲ್ಲಿಯೇ ಇಡುವೆನೆಂದು ಸಂಕಲ್ಪಿಸಿದನು. ಆ ಪೆಟ್ಟಿಗೆಯೊಂದಿಗೂ ಆ ಹುಡುಗಿಯೊಂದಿಗೂ 1623ರ ಫೆಬ್ರವರಿಯಲ್ಲಿ ಇಂಗ್ಲಿಷರ ಹಡಗಿನಲ್ಲಿ ಸೂರತ್ತಿಗೆ ಬಂದಿಳಿದನು. ಏಪ್ರಿಲಿನಲ್ಲಿ ಗೋವೆಯನ್ನು ಮುಟ್ಟಿದನು.

ಅಂದರೆ 1623ರಲ್ಲಿ ನಮ್ಮ ದೇಶಕ್ಕೆ ಬಂದವನು ಕೇವಲ ಒಬ್ಬ ಕುತೂಹಲಿಯಲ್ಲ. ಅದೊಂದು ಸಂಸಾರ. ಅದರ ಯಜಮಾನಿ ಪೆಟ್ಟಿಗೆಯೊಳಗಿದ್ದಳು, ಮಗು ಹುಟ್ಟುವ ಮುನ್ನವೇ ಹೋಗಿತ್ತು, ಸಾಕುಮಗಳು ಯಾವ ಊರೂ ತನ್ನದಲ್ಲದ ಹುಡುಗಿಯಾಗಿದ್ದಳು.

ಈ ಸಂಗತಿಯು ನಮ್ಮ ಚರಿತ್ರಕಾರರ ಕಣ್ಣಿಗೆ ಬೀಳದಿರುವುದಕ್ಕೆ ಒಂದು ಖಚಿತವಾದ ಕಾರಣವಿದೆ. ಅದು ಗ್ರಂಥಸಂಪಾದನೆಗೆ ಸಂಬಂಧಿಸಿದುದು. ದೆಲ್ಲಾ ವಾಲೆಯು ನೇಪಲ್ಸಿನ ವೈದ್ಯ ಮಿತ್ರ ಮಾರಿಯೋ ಸ್ಕಿಪಾನೋ ಎಂಬವನಿಗೆ ಬರೆದ ಪತ್ರಗಳು ಮೂರು ಭಾಗಗಳಾಗಿ ಅಚ್ಚಾದುವು: ತುರ್ಕಿಯ ಭಾಗ 1650ರಲ್ಲಿ, ಪರ್ಷಿಯಾದ ಭಾಗ 1658ರಲ್ಲಿ, ಭಾರತದ ಭಾಗ 1663ರಲ್ಲಿ. ಮದುವೆಯ ಕಥೆ ಮೊದಲನೆಯ ಭಾಗದಲ್ಲಿದೆ. ಹುಡುಗಿ ಮನೆಗೆ ಬಂದುದೂ ಮಾನೀಯ ಮರಣವೂ ಎರಡನೆಯದರಲ್ಲಿವೆ. ಆದರೆ 1664ರಲ್ಲಿ ಹೇವರ್ಸ್ ಎಂಬವನು ಇಂಗ್ಲಿಷಿಗೆ ಪರಿವರ್ತಿಸಿದುದು ಭಾರತದ ಭಾಗವನ್ನು ಮಾತ್ರ. ಅದನ್ನೇ ಎಡ್ವರ್ಡ್ ಗ್ರೇ ಎಂಬ ವಿದ್ವಾಂಸನು 1892ರಲ್ಲಿ ಹಕ್ಲೂಯ್ಟ್ ಸೊಸೈಟಿಗಾಗಿ ಎರಡು ಸಂಪುಟಗಳಲ್ಲಿ ಟಿಪ್ಪಣಿಗಳೊಡನೆ ಪ್ರಕಟಿಸಿದನು. ಕೆಳದಿಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ನೆಚ್ಚಿದುದು ಈ ಪ್ರತಿಯನ್ನೇ. ಗ್ರೇಯು ತನ್ನ ಪೀಠಿಕೆಯಲ್ಲಿ ಪ್ರವಾಸಿಯ ಜೀವನವನ್ನು ಹೇಳಿದ್ದಾನೆ; ಆದರೆ ಪೀಠಿಕೆಯನ್ನು ಓದುವವರೆಷ್ಟು ಮಂದಿ? ಸೂಚಿಯಲ್ಲಿ ‘ಇಕ್ಕೇರಿ’ ಎಂದಿರುವ ಪುಟವನ್ನು ತೆರೆದು ಬೇಕಾದುದನ್ನು ಬರೆದುಕೊಳ್ಳುವುದೇ ನಮ್ಮ ಪದ್ಧತಿ. ಕನ್ನಡದಲ್ಲಿ ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳ ಮೂಲಕ ವಿದೇಶೀಯ ಪ್ರವಾಸಿಗಳನ್ನು ಸಾಮಾನ್ಯ ವಾಚಕರಿಗೆ ಪರಿಚಯಿಸಿ ಮಹೋಪಕಾರವನ್ನು ಮಾಡಿದರು. ಆ ಹೆಸರಿನಲ್ಲಿ ‘ಇಂಡಿಯಾ’ ಎಷ್ಟು ಮುಖ್ಯವೋ ‘ಪ್ರವಾಸಿ’ಯೂ ಅಷ್ಟೇ ಮುಖ್ಯವೆಂಬುದನ್ನು ನಾವು ಮರೆಯಬಾರದು.

ಈಗ ಪಠ್ಯಕ್ಕೆ ಬರೋಣ. 1623ರ ಅಕ್ಟೋಬರಿನಲ್ಲಿ ಪೋರ್ತುಗೀಸರು ವೆಂಕಟಪ್ಪನಾಯಕನ ಬಳಿಗೆ ಕಳುಹಿಸಿದ ರಾಯಭಾರದ ಜೊತೆಗೂಡಿ ದೆಲ್ಲಾ ವಾಲೆಯು ಗೋವೆಯಿಂದ ಹೊರಟನು. ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟವನ್ನು ಹತ್ತುವಾಗ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ನೋಡಿದನು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುವುದು. ಉಳಿದವರು ಹಾಗೆಯೇ ಹೇಳಿ ಹಾಗೆಯೇ ಬರೆಯುವುದು. ನೆಲವೆಲ್ಲ ತುಂಬಿದರೆ ಅಳಿಸಿ ಹೊಸ ಮರಳನ್ನು ಎರಚುವುದು. ಗುರುವಿಲ್ಲದಿದ್ದರೂ ಹೀಗೆ ಒಬ್ಬರಿಂದೊಬ್ಬರು ಕಲಿಯುತ್ತೇವೆಂದು ಆ ಹುಡುಗರು ಅವನಿಗೆ ಹೇಳಿದರು. ದೇಶೀಯ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಈ ಭಾಗವನ್ನು ಪದೇ ಪದೇ ಉದಾಹರಿಸುತ್ತಾರೆ, ಉದಾಹರಿಸತಕ್ಕುದೇ. ಆದರೆ ಇದನ್ನು ‘ವಿದ್ಯಾಪದ್ಧತಿಯ ವರದಿ’ ಎಂದು ಮಾತ್ರ ಓದುವವರು ಒಂದನ್ನು ಗಮನಿಸುವುದಿಲ್ಲ. ರಾಯಭಾರದ ಸಾಮಾನು ಮುಂದೆ ಸಾಗುವುದನ್ನು ಕಾಯುತ್ತ ಕುಳಿತ ಪ್ರಯಾಣಿಕನು ಎದ್ದುಹೋಗಿ ಮಕ್ಕಳ ಬಳಿ ಕೂತು, ಏನು ಮಾಡುತ್ತಿದ್ದೀರಿ, ತಪ್ಪಿದರೆ ಏನು ಮಾಡುತ್ತೀರಿ, ಎಂದು ಒಂದೊಂದಾಗಿ ವಿಚಾರಿಸಿದನು. ಅವರ ಉತ್ತರಗಳನ್ನು ಉತ್ತರಗಳೆಂದೇ ದಾಖಲಿಸಿದನು. ಆ ಕಾಲದ ಯುರೋಪಿನ ಪ್ರವಾಸಿಗಳಲ್ಲಿ ಎಷ್ಟು ಮಂದಿ ಹಿಂದೂ ಬಾಲಕರ ಮಾತನ್ನು ಮಾತೆಂದು ಕೇಳಿಸಿಕೊಂಡರು? ಮಕ್ಕಳೊಡನೆ ಮಾತಾಡುವ ರೂಢಿ ಮನೆಯಲ್ಲಿ ಬರತಕ್ಕುದು. ಮರಿಯೂಚ್ಚಾಳನ್ನು ಸಾಕಿದ ಅನುಭವವಿಲ್ಲದಿದ್ದರೆ ಆತನು ಆ ಜಗಲಿಯ ಮುಂದೆ ನಿಲ್ಲುತ್ತಿದ್ದನೋ ಇಲ್ಲವೋ ಎಂಬುದು ನಮ್ಮ ಸಂದೇಹ.

ಇನ್ನೊಂದು ಭಾಗವು ಇದಕ್ಕಿಂತ ಗಹನವಾದುದು. ಇಕ್ಕೇರಿಯ ಬೀದಿಯಲ್ಲಿ ಒಬ್ಬ ಹೆಂಗಸು ಕುದುರೆಯನ್ನೇರಿ, ಒಂದು ಕೈಯಲ್ಲಿ ಕನ್ನಡಿ, ಮತ್ತೊಂದರಲ್ಲಿ ನಿಂಬೆಹಣ್ಣು ಹಿಡಿದು ಮೆರವಣಿಗೆಯಲ್ಲಿ ಹೋಗುವುದನ್ನು ಆತನು ಕಂಡನು. ಮಡಿದ ಗಂಡನೊಡನೆ ಸಹಗಮನ ಮಾಡಲು ನಿಶ್ಚಯಿಸಿದವಳವಳು. ಆಮೇಲೆ ಆತನು ಅವಳ ಮನೆಯನ್ನು ಹುಡುಕಿಕೊಂಡು ಹೋಗಿ ದುಭಾಷಿಯ ಮೂಲಕ ಮಾತನಾಡಿಸಿದನು. ಹೆಸರು ಕೇಳಿದನು, ‘ಜಾಕ್ಕಮಾ’ ಎಂದು ಬರೆದುಕೊಂಡನು. ನಮ್ಮ ಜಕ್ಕಮ್ಮನೇ ಸರಿ. ಗಂಡನು ನಗಾರಿ ಬಾರಿಸುವವನು. ಸವತಿಯರಿಬ್ಬರು ಹಿರಿಯರು; ಮಕ್ಕಳೊಂದಿಗರೆಂದು ಉಳಿದುಕೊಂಡಿದ್ದರು. ಹಾಗಾದರೆ ನಿನ್ನ ಎಳೆಯ ಮಕ್ಕಳನ್ನು ಬಿಟ್ಟು ಹೇಗೆ ಹೋಗುತ್ತೀ ಎಂದು ಈತನು ಕೇಳಿದನು. ಅಲ್ಲಿಯೇ ಇದ್ದ ತನ್ನ ಮಾವನೊಬ್ಬನಿಗೆ ಒಪ್ಪಿಸಿದ್ದೇನೆಂದು ಅವಳು ಉತ್ತರಿಸಿದಳು. ಆತನು ಅವಳ ನಿಶ್ಚಯವನ್ನು ಬದಲಿಸಲು ಯತ್ನಿಸಿ ಸೋತು, ಕೊನೆಗೆ ಅವಳ ಹೆಸರನ್ನು ತನ್ನ ಪದ್ಯಗಳಲ್ಲಿ ಉಳಿಸುವೆನೆಂದು ಮಾತು ಕೊಟ್ಟು ಹಿಂದಿರುಗಿದನು. ಪದ್ಯಗಳನ್ನು ಬರೆದನು ಸಹ.

ಈ ಸಂದರ್ಭವನ್ನು ಉದಾಹರಿಸುವ ಪುಸ್ತಕಗಳಲ್ಲಿ ಎರಡು ಬಗೆಯ ವ್ಯಾಖ್ಯಾನಗಳಿವೆ. ಒಂದು, ನಾಯಕರ ಕಾಲದಲ್ಲಿ ಸಹಗಮನವಿತ್ತೆಂಬುದಕ್ಕೆ ಇದೊಂದು ಪ್ರಮಾಣ ಎಂಬುದು. ಎರಡು, ವಿದೇಶೀಯನೊಬ್ಬನು ಸತಿಯ ಧೈರ್ಯಕ್ಕೆ ತಲೆಬಾಗಿದನು ಎಂಬ ಹೆಮ್ಮೆಯ ಮಾತು. ಎರಡನೆಯದನ್ನು ನಾವು ಸುತರಾಂ ಒಪ್ಪಲಾರೆವು. ಪತ್ರವನ್ನು ಬರೆದವನು ಎರಡು ವರ್ಷಗಳ ಹಿಂದೆ ಹೆಂಡತಿಯನ್ನು ಕಳೆದುಕೊಂಡು, ಅವಳ ಶವವನ್ನು ಜೊತೆಯಲ್ಲಿಯೇ ದೇಶದಿಂದ ದೇಶಕ್ಕೆ ಒಯ್ಯುತ್ತಿದ್ದವನು. ಸತ್ತ ಸಂಗಾತಿಯನ್ನು ಬಿಟ್ಟಿರಲಾರೆನೆಂಬ ಹಟವು ಏನೆಂದು ಅವನಿಗೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ಆದರೂ ಅವನು ಕೇಳಿದುದು ಮಕ್ಕಳ ಪ್ರಶ್ನೆಯನ್ನೇ. ತನ್ನ ಮನೆಯಲ್ಲಿ ಉಳಿದ ಒಂದು ಹುಡುಗಿಗಾಗಿ ತಾನು ಬದುಕಿ ಊರಿಗೆ ಮರಳಬೇಕೆಂದು ನಿಶ್ಚಯಿಸಿದವನು ಜಕ್ಕಮ್ಮನಿಗೂ ಅದನ್ನೇ ಹೇಳಹೋದನು. ಇದು ತಲೆಬಾಗುವಿಕೆಯಲ್ಲ, ವಾದ. ಆ ವಾದದಲ್ಲಿ ತಾನು ಸೋತೆನೆಂದು ಒಪ್ಪಿಕೊಂಡ ಪ್ರಾಮಾಣಿಕತೆಯೂ ಅಲ್ಲಿದೆ. ಜಕ್ಕಮ್ಮನ ಮಕ್ಕಳು ಏನಾದರೆಂಬುದು ಯಾವ ಗ್ರಂಥದಲ್ಲಿಯೂ ಇಲ್ಲ; ಆದರೆ ಅವರಿದ್ದರೆಂಬುದು ನಮಗೆ ತಿಳಿದಿರುವುದು ಈ ಒಂದು ಪ್ರಶ್ನೆಯಿಂದ. ಮಾಸ್ತಿಕಲ್ಲುಗಳು ನಮ್ಮ ನಾಡಿನಲ್ಲಿ ನೂರಾರಿವೆ. ಅವು ಕೈಯನ್ನೂ ಬಳೆಯನ್ನೂ ತೋರಿಸುತ್ತವೆ, ಹಿಂದುಳಿದ ಮಕ್ಕಳನ್ನು ತೋರಿಸುವುದಿಲ್ಲ.

ನಮ್ಮ ಈ ಓದಿಗೆ ಒಂದು ಆಕ್ಷೇಪವು ಬರಬಹುದು. ದೆಲ್ಲಾ ವಾಲೆಯು ಸಾಹಿತ್ಯಪ್ರಿಯನಾದ ಶ್ರೀಮಂತ. ಅಚ್ಚಿಗೆ ಬರಲೆಂದೇ ಪತ್ರಗಳನ್ನು ತಿದ್ದಿಟ್ಟವನು. ಶೋಕವನ್ನು ಸುಂದರವಾಗಿ ಬರೆಯುವುದು ಅವನ ಕಾಲದ ಇಟಲಿಯ ಕವಿಗಳ ಚಾಳಿ. ಆದ್ದರಿಂದ ಇಲ್ಲಿ ಹೃದಯಕ್ಕಿಂತ ಅಲಂಕಾರವೇ ಹೆಚ್ಚೆನ್ನಬಹುದಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಪದ್ಯ ಬರೆಯುವ ವಾಗ್ದಾನವಂತೂ ನಮಗೆ ರುಚಿಸುವುದಿಲ್ಲ. ಸಾಯಹೊರಟವಳಿಗೆ ಕೀರ್ತಿಯನ್ನು ಕೊಡುತ್ತೇನೆನ್ನುವುದು ಕವಿಯ ಅಹಂಕಾರವಲ್ಲದೆ ಮತ್ತೇನು? ಆದರೆ ಅಲಂಕಾರವನ್ನು ಕಳೆದರೂ ಕೃತಿಯು ಉಳಿಯುತ್ತದೆ. ಶವಪೆಟ್ಟಿಗೆಯನ್ನು ಹೊತ್ತು ಅರೇಬಿಯಾದ ಮರುಭೂಮಿಯನ್ನು ದಾಟಿದುದು ಅಲಂಕಾರವಲ್ಲ. 1627ರಲ್ಲಿ ರೋಮಿನ ಆರಾಚೇಲಿ ದೇವಾಲಯದಲ್ಲಿ ಆಕೆಯನ್ನು ಸಮಾಧಿ ಮಾಡಿದಾಗ, ತಾನೇ ಬರೆದ ಚರಮಭಾಷಣವನ್ನು ಓದುತ್ತ ಕಂಠ ಬಿಗಿದು ನಿಲ್ಲಿಸಿದನೆಂದು ಹೇಳುತ್ತಾರೆ.

ಇಕ್ಕೇರಿಯಿಂದ ಹಿಂದಿರುಗುವಾಗ ಆತನು ಬೇರೆ ದಾರಿ ಹಿಡಿದು ಕೊಲ್ಲೂರಿನ ಘಟ್ಟವನ್ನಿಳಿದನು. ಇಲ್ಲಿಂದ ನಮ್ಮ ತಾಲ್ಲೂಕುಗಳು. ಕೊಲ್ಲೂರಿನಲ್ಲಿ ದೊಡ್ಡ ದೇವಾಲಯವಿದೆ, ಹಲವು ಕಡೆಗಳಿಂದ ಯಾತ್ರಿಕರು ಬರುತ್ತಾರೆ, ಅಲ್ಲಿಯ ಮೂರ್ತಿಯು, ತಾನು ತಪ್ಪಿಲ್ಲದಿದ್ದರೆ, ಒಬ್ಬ ಹೆಂಗಸಿನದು ಎಂದಿಷ್ಟು ಬರೆದನು. ಮೂಕಾಂಬಿಕೆಯ ಸನ್ನಿಧಿಯ ಬಗ್ಗೆ ಇಷ್ಟು ಪುರಾತನವಾದ ವಿದೇಶೀಯ ಉಲ್ಲೇಖವು ಬೆಲೆಯುಳ್ಳದ್ದು. ‘ತಪ್ಪಿಲ್ಲದಿದ್ದರೆ’ ಎಂಬ ಒಂದು ಮಾತು ಅದರ ಬೆಲೆಯನ್ನು ಹೆಚ್ಚಿಸುತ್ತದೆ, ಏಕೆಂದರೆ ತಾನು ಒಳಗೆ ಹೋಗಿ ನೋಡಿದೆನೆಂಬ ಸುಳ್ಳನ್ನು ಆತನು ಹೇಳುವುದಿಲ್ಲ. ಇಂದು ವಿಜಯದಶಮಿಯ ದಿನ ನಾಡಿನ ನಾನಾ ಭಾಗಗಳಿಂದ ತಾಯಿತಂದೆಗಳು ಎಳೆಯ ಮಕ್ಕಳನ್ನು ಕರೆತಂದು ಅಕ್ಷರಾಭ್ಯಾಸ ಮಾಡಿಸುವುದು ಇದೇ ಸ್ಥಳದಲ್ಲಿ. ಘಟ್ಟದ ಮೇಲಿನ ಜಗಲಿಯಲ್ಲಿ ಮರಳಿನ ಮೇಲೆ ಬರೆಯುವ ಬೆರಳುಗಳನ್ನು ವರ್ಣಿಸಿದವನು ಕೊಲ್ಲೂರನ್ನು ಎರಡು ಮಾತಿನಲ್ಲಿ ದಾಟಿದನಲ್ಲಾ ಎಂದು ನಮಗೆ ಕೊಂಚ ವ್ಯಸನವಾಗುತ್ತದೆ.

ಕೊಲ್ಲೂರಿನಿಂದ ಬಸರೂರು. ಅಲ್ಲಿ ಮೇಲಣ ಬಸರೂರು ನಾಯಕನ ಅಧೀನದ ಪೇಟೆ, ಕೆಳಗಣ ಬಸರೂರು ಪೋರ್ತುಗೀಸರ ಕೋಟೆ. ಹೀಗೆ ಒಂದೇ ಹೆಸರಿನ ಎರಡು ಊರುಗಳನ್ನು ಆತನು ವಿಂಗಡಿಸಿದ್ದಾನೆ. ಬಸರೂರಿನ ಚರಿತ್ರೆಗೆ ಈ ವಿಂಗಡಣೆ ಅತ್ಯವಶ್ಯಕ. ಇದನ್ನು ಮರೆತವರು ಪೇಟೆಯ ಸ್ವಾತಂತ್ರ್ಯವನ್ನೂ ಕೋಟೆಯ ದಾಸ್ಯವನ್ನೂ ಗೊಂದಲ ಮಾಡಿದ್ದಾರೆ. ಅಲ್ಲಿಂದ ಮಂಗಳೂರು, ಉಳ್ಳಾಲದ ರಾಣಿಯ ಭೇಟಿ, ಕದ್ರಿಯ ಜೋಗಿಗಳು, ಕಲ್ಲಿಕೋಟೆ: ಇವೆಲ್ಲ ಬಹುಮಂದಿ ಬಲ್ಲ ವಿಷಯಗಳಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಈ ತಿಂಗಳುಗಳಲ್ಲೆಲ್ಲ ಹುಡುಗಿ ಎಲ್ಲಿದ್ದಳು? ಗೋವೆಯಲ್ಲಿ. ಮದುವೆಯಾಗದ ಹುಡುಗಿಯೊಬ್ಬಳು ಹೆಂಡತಿಯಿಲ್ಲದವನ ಮನೆಯಲ್ಲಿರಕೂಡದೆಂಬ ಅಲ್ಲಿಯ ಮರ್ಯಾದೆಗೆ ಅನುಸಾರವಾಗಿ ಆಕೆಯನ್ನು ಪೋರ್ತುಗೀಸ್ ಗೃಹಿಣಿಯೊಬ್ಬಳ ಮನೆಯಲ್ಲಿ ಇರಿಸಲಾಗಿತ್ತು. ಮಾತು ಬೇರೆ, ಊಟ ಬೇರೆ, ಜಾರ್ಜಿಯಾದಿಂದ ಪರ್ಷಿಯಾ, ಪರ್ಷಿಯಾದಿಂದ ಗೋವೆ. ಸಾಕುತಾಯಿ ಇಲ್ಲ, ಸಾಕುತಂದೆ ಘಟ್ಟದ ಮೇಲೆ. ಆಕೆ ಬರೆದ ಒಂದು ಸಾಲೂ ನಮ್ಮ ಬಳಿಯಲ್ಲಿಲ್ಲ. ಇಕ್ಕೇರಿಯ ಪತ್ರಗಳಲ್ಲಿ ಆಕೆ ಬಹುಮಟ್ಟಿಗೆ ತೆರೆಯ ಹಿಂದೆಯೇ ಉಳಿಯುತ್ತಾಳೆ. ದೆಲ್ಲಾ ವಾಲೆಯು ಹುಡುಗಿಯನ್ನು ಪ್ರೀತಿಸಿದನೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವಳ ಮನಸ್ಸನ್ನು ಕೇಳಿದನೆಂಬುದಕ್ಕೆ ಪ್ರಮಾಣವು ತೀರ ವಿರಳ. 1624ರ ನವೆಂಬರಿನಲ್ಲಿ ಆಕೆಯೊಡನೆ ಗೋವೆಯನ್ನು ಬಿಟ್ಟು, ಮಸ್ಕತ್, ಬಸ್ರಾ, ಅಲೆಪ್ಪೋಗಳ ಮಾರ್ಗವಾಗಿ 1626ರ ಮಾರ್ಚಿನಲ್ಲಿ ರೋಮನ್ನು ತಲುಪಿದನು. ಮುಂದೆ ಆಕೆಯನ್ನೇ ಮದುವೆಯಾದನು. ಮಗಳಂತೆ ಬೆಳೆದವಳನ್ನು ಮಡದಿಯಾಗಿ ಮಾಡಿಕೊಂಡುದನ್ನು ಅವನ ಚರಿತ್ರಕಾರರು ಒಂದು ಪ್ರಣಯಕಥೆಯ ಮಂಗಳವೆಂಬಂತೆ ಬರೆಯುತ್ತಾರೆ. ಬೇರೆಲ್ಲಿಗೂ ಹೋಗಲು ದಾರಿಯಿಲ್ಲದವಳ ಒಪ್ಪಿಗೆಯನ್ನು ನಾವು ಅಷ್ಟು ಸುಲಭವಾಗಿ ಮಂಗಳವೆನ್ನಲಾರೆವು. ಅವರಿಗೆ ಹದಿನಾಲ್ಕು ಮಂದಿ ಗಂಡುಮಕ್ಕಳಾದರು. ತಂದೆಯು 1652ರಲ್ಲಿ ತೀರಿಕೊಂಡ ಮೇಲೆ ಪರ್ಷಿಯಾದ ಭಾಗವನ್ನು ಬೆಳಕಿಗೆ ತಂದವರು ಆ ಮಕ್ಕಳೇ. ತಂದೆಯ ಮೊದಲ ಹೆಂಡತಿಯ ಮರಣವನ್ನೂ ತಮ್ಮ ತಾಯಿಯ ಅನಾಥ ಬಾಲ್ಯವನ್ನೂ ಒಳಗೊಂಡ ಪತ್ರಗಳನ್ನು ಮಕ್ಕಳು ಅಚ್ಚು ಹಾಕಿಸಿದರೆಂಬುದು ಗ್ರಂಥಪ್ರಕಟಣೆಯ ಚರಿತ್ರೆಯಲ್ಲಿ ಅಪರೂಪವಾದ ಸಂಗತಿ.

ಸಂಸಾರದ ಸಾಮಗ್ರಿ ದೊರೆಯುವುದು ಕಷ್ಟವೆಂದು ಹೇಳುವವರಿಗೆ ಹತ್ತೊಂಬತ್ತನೆಯ ಶತಮಾನದ ಒಂದು ನಿದರ್ಶನವನ್ನು ಕೊಡಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಇಲ್ಲಿ ಸಂಸಾರ ಹೂಡಿದರು; ಮಕ್ಕಳನ್ನು ಮಾತ್ರ ಓದಿನ ವಯಸ್ಸಿಗೆ ಯುರೋಪಿಗೆ ಕಳುಹಿಸುವುದು ಪದ್ಧತಿಯಾಗಿತ್ತು. ತಲಚೇರಿಯಲ್ಲಿ 1842ರಲ್ಲಿ ಹುಟ್ಟಿದ ಗುಂಡರ್ಟರ ಮಗಳು ಮರಿಯಾ ಎಳೆತನದಲ್ಲಿಯೇ ಅಲ್ಲಿ ಬಿಡಲ್ಪಟ್ಟು, 1857ರಲ್ಲಿ ತಾಯಿತಂದೆಗಳನ್ನು ಮತ್ತೆ ಸೇರಿದಳು. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಈಕೆಯೇ. ಆ ಕುಟುಂಬಗಳ ಪತ್ರಗಳು ಉಳಿದುವು, ಏಕೆಂದರೆ ಅವನ್ನು ಕೂಡಿಡುವ ಸಂಸ್ಥೆಯೊಂದಿತ್ತು. ನಮ್ಮವರ ಪತ್ರಗಳಿಗೆ ಅಂಥ ಸಂಸ್ಥೆಯಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಿಂದ ಹೆಂಡಿರು ಮಕ್ಕಳೊಡನೆ ಕೊಲ್ಲಿಯ ದೇಶಗಳಿಗೂ ಅಮೆರಿಕಕ್ಕೂ ಹೋಗಿ ನೆಲೆಸಿದವರು ಊರಿನ ಹಿರಿಯರಿಗೆ ಬರೆದ ಕಾಗದಗಳು, ಧ್ವನಿಮುದ್ರಿಸಿ ಕಳುಹಿಸಿದ ಕ್ಯಾಸೆಟ್ಟುಗಳು, ಮಕ್ಕಳ ಶಾಲೆಯ ಭಾವಚಿತ್ರಗಳು ಮನೆ ಮನೆಯ ಅಟ್ಟಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ನಮ್ಮ ಕಾಲೇಜುಗಳ ಎಂ.ಎ. ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯವಿಲ್ಲವೆಂದು ಹೇಳಿದಾಗಲೆಲ್ಲ ಆ ಅಟ್ಟಗಳು ನಮ್ಮ ನೆನಪಿಗೆ ಬರುತ್ತವೆ.

ಕೊನೆಯದಾಗಿ ಪಠ್ಯಭಾಗಗಳ ಆಯ್ಕೆಯ ಬಗ್ಗೆ ಒಂದು ಸೂಚನೆ. ದೆಲ್ಲಾ ವಾಲೆಯ ಇಕ್ಕೇರಿ ಪತ್ರವನ್ನು ಬಿ.ಎ. ತರಗತಿಗಳಿಗೆ ಆಕರಪಾಠವಾಗಿ ಕೊಡುವಾಗ, ಒಡ್ಡೋಲಗದ ಪುಟಗಳೊಂದಿಗೆ ಜಕ್ಕಮ್ಮನ ಮನೆಯ ಪುಟಗಳನ್ನೂ, ಅವುಗಳ ಹಿಂದೆ ಮೀನಾದಲ್ಲಿ ನಡೆದುದರ ಅರ್ಧಪುಟದ ಸಾರಾಂಶವನ್ನೂ ಅಚ್ಚು ಮಾಡಿಸಬೇಕು. ಇಬ್ನ್ ಬತೂತನ ಬಾರಕೂರಿನ ಭಾಗದಲ್ಲಿ ಒತ್ತೆಯಾಗಿ ಹಡಗನ್ನೇರಿದ ಹುಡುಗನ ವಾಕ್ಯವನ್ನು ಚುಕ್ಕಿಗಳಿಟ್ಟು ಬಿಡಕೂಡದು. ಪರ್ಷಿಯಾದ ಸಂಪುಟದಿಂದ ಬೇಕಾದ ಪುಟಗಳನ್ನು ಇಟಾಲಿಯನ್ ಬಲ್ಲವರ ನೆರವಿನಿಂದ ನೇರವಾಗಿ ಕನ್ನಡಕ್ಕೆ ತರುವುದು ಸಾಧ್ಯವಿದ್ದರೆ, 1664ರ ಇಂಗ್ಲಿಷ್ ಭಾಷಾಂತರವು ಹೊರಗಿಟ್ಟ ಮನೆಯವರನ್ನು ನಮ್ಮ ವಿದ್ಯಾರ್ಥಿಗಳಾದರೂ ಕಾಣುವಂತಾದೀತು.